ಹಾಲುಮನೆಯ ಗೋಡೆ

ಹಸಿ ಸುಣ್ಣದ ವಾಸನೆಗೆ ಕೆನೆಯ ವಾಸನೆ ಬೆರೆತರೆ ನನಗೆ ಇಂದಿಗೂ ಅಜ್ಜಿಯ ತಣ್ಣನೆಯ ಅಂಗೈ ನೆನಪಾಗುತ್ತದೆ. ಈ ದೇಶಕ್ಕೆ ಹಡಗಿನಲ್ಲಿ ವಲಸೆ ಬಂದ ಮುತ್ತಜ್ಜ ಕಟ್ಟಿಸಿದ ನಮ್ಮ ತೋಟದಮನೆಯ ಸುತ್ತ ಈಗ ಉಳಿದಿರುವುದು ಕುದುರೆ ಲಾಯ, ಕಣಜ, ಮತ್ತೆ ಅಜ್ಜಿ ಬೆಣ್ಣೆ ಕಡೆಯುತ್ತಿದ್ದ ಹಾಲುಮನೆ. ಆ ಹಾಲುಮನೆಯನ್ನೇ ಕೆಡವಿಸಲು ನನ್ನ ತಮ್ಮ ಮೇಸ್ತ್ರಿಯನ್ನು ಕರೆತಂದ.

"ಅಕ್ಕಾ, ಗೋಡೆ ಚಹದಲ್ಲಿ ಅದ್ದಿದ ಬಿಸ್ಕತ್ತಿನ ಹಾಗಾಗಿದೆ. ಯಾರ ತಲೆ ಮೇಲಾದ್ರೂ ಬಿದ್ರೆ?"

"ಅದಕ್ಕೆ ಸಿಮೆಂಟ್ ಬಳಿಸಿದ್ದು ಯಾರಪ್ಪ?"

"ಗಟ್ಟಿಯಾಗಿರ್ಲಿ ಅಂತ ತಾನೇ!"

ಪ್ರೀತಿಯಿಂದಲೇ ಬಳಿಸಿದ್ದ, ಪಾಪ. ಅಜ್ಜಿ ವರ್ಷಕ್ಕೊಮ್ಮೆ ಸುಣ್ಣ ಹೊಡೆಸುತ್ತಿದ್ದಳು. ಕಲ್ಲು ಹೀರಿದ ತೇವ ಅದರ ಮೂಲಕ ಹೊರಗೆ ಹೋಗುತ್ತಿತ್ತು. ಸಿಮೆಂಟ್ ಬಂದ ಮೇಲೆ ತೇವ ಒಳಗೇ ಉಳಿಯಿತು.

"ಸೆಖೆಗಾಲದಲ್ಲಿ ಮುದುಕೀಗೆ ರಬ್ಬರ್ ಕೋಟು ತೊಡಿಸಿ, ಯಾಕೆ ಬೆವರ್ತೀಯ ಅಂತ ಕೇಳ್ದಂಗಾಯ್ತು," ಎಂದೆ. "ಮಳೆ ಹಿಡಿಯೋವರೆಗೂ ಟೈಮ್ ಕೊಡು. ಸಿಮೆಂಟ್ ಕಿತ್ತ ಮೇಲೂ ಗೋಡೆ ಒಣಗ್ದಿದ್ರೆ ಮೊದಲ ಕಲ್ಲು ನಾನೇ ಕೀಳ್ತೀನಿ."

"ಸೊಂಟ ಹಿಡ್ಕೊಂಡ್ರೆ ಹೊತ್ಕೊಂಡು ಹೋಗೋಕೆ ನನ್ನ ಕರೀಬೇಡ."

"ನಿನ್ನ ಮೊಣಕಾಲಿಗೆ ನಿನ್ನನ್ನೇ ಹೊರೋಕಾಗಲ್ಲ, ನನ್ನನ್ನೇನು ಹೊರುತ್ತೆ!"

ಮೇಸ್ತ್ರಿ ನಗು ನುಂಗಿಕೊಂಡ. ಕೆಡವುವುದೇ ಸರಿ ಎಂದವನು, ಹೋಗುವಾಗ ತನ್ನ ಸಣ್ಣ ಉಳಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟುಹೋದ. ಮಾರನೆಯ ದಿನ ಅದರ ಪಕ್ಕದಲ್ಲಿ ತಮ್ಮನ ತೋಟದ ಕೈಗವಸುಗಳೂ ಇದ್ದವು. ಅವನ್ನು ತೊಟ್ಟುಕೊಂಡು ಉಳಿ ಎತ್ತಿಕೊಂಡೆ.

ದಿನಾ ಬೆಳಿಗ್ಗೆ ಅಂಗೈಯಗಲ, ಮೊಳದಗಲ ಸಿಮೆಂಟ್ ಕೆತ್ತಿದೆ. ಕೆಲವು ಕಡೆ ಅದು ಹಪ್ಪಳದಂತೆ ಎದ್ದು ಬಂತು, ಕೆಲವು ಕಡೆ ಹಟಮಾರಿ ಮಗುವಿನಂತೆ ಕಚ್ಚಿಕೊಂಡಿತು. ನಾನೂ ಹಟಮಾರಿಯೇ. ಮೊದಲ ವಾರ ಕಲ್ಲಿನ ಸಂದುಗಳಿಂದ ನೀರು ಒಸರಿತು. ಆದರೂ ಕಿಟಕಿ, ಬಾಗಿಲು ತೆರೆದಿಟ್ಟು ಕೆತ್ತುತ್ತಲೇ ಹೋದೆ.

ಮೋಡ ಕಟ್ಟತೊಡಗಿದ ಒಂದು ಮಧ್ಯಾಹ್ನ ತಮ್ಮ ಒಳಗೆ ಬಂದ. ನಾನು ಏಣಿಯ ಮೇಲಿನಿಂದ ಇಳಿಯಲಿಲ್ಲ. ಅವನು ಕೆಳಗಿನ ಕಲ್ಲಿಗೆ ಅಂಗೈ ಒತ್ತಿದ. ಇನ್ನೊಂದು ಕಡೆಯೂ ಒತ್ತಿದ. ಆಮೇಲೆ ಕೆನ್ನೆಯನ್ನೇ ಆನಿಸಿದ. ಕೆನ್ನೆಗೆ ಒಣ ಮಣ್ಣು ಅಂಟಿತು.

ಜೇಬಿನಿಂದ ಫೋನ್ ತೆಗೆದ.

"ಮೇಸ್ತ್ರಿ, ಕೆಡವೋ ಮಿಷನ್ ಬೇಡ. ಸುಣ್ಣ ತನ್ನಿ. ಹ್ಞೂಂ, ಸುಣ್ಣಾನೇ. ಅಕ್ಕನ್ನ ಕೇಳಿ, ಎಷ್ಟು ಬೇಕು ಅಂತ ಅವಳೇ ಹೇಳ್ತಾಳೆ."

ಫೋನ್ ಒಳಗಿಟ್ಟು ಏಣಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಇನ್ನೊಂದು ಕೈಯಿಂದ, ಮನೆಯಿಂದ ತಂದಿದ್ದ, ಇನ್ನೂ ಬಿಸಿಯಿದ್ದ ಊಟದ ಡಬ್ಬಿಯನ್ನು ನನ್ನತ್ತ ಎತ್ತಿ ಕೊಟ್ಟ.