ತಳವಾರನ ಗುಂಡಿ

ಮಧುಗಿರಿಯ ಕಡೆಯಿಂದ ಬಂದ ಆಳು ಜಗಲಿ ಹತ್ತದೆ ಅಂಗಳದಲ್ಲೇ ನಿಂತ. ಪೂಜೆ ಮುಗಿಸಿ ಏಳುತ್ತಿದ್ದ ನಾಗಲಿಂಗಯ್ಯನವರಿಗೆ ಅವನ ನಿಲುವಿನಿಂದಲೇ ತಿಳಿಯಿತು. ತವರಿಗೆ ಹೋಗಿದ್ದ ಹೆಂಡತಿ ಸರಸಮ್ಮ ಲಿಂಗೈಕ್ಯಳಾಗಿದ್ದಳು.

ಅಲ್ಲಿಗೆ ಹೋಗಿ ಅವಳನ್ನು ಮಣ್ಣು ಮಾಡಿ ತಮ್ಮೂರು ಗೌಡಗೆರೆಗೆ ಮರಳಿದ ಮೇಲೆ ಅವರನ್ನು ಕಾಡಿದ್ದು ಅವಳ ಒಂದು ಮಾತು.

ಊರ ಹಳ್ಳದ ದಂಡೆಯಲ್ಲಿ ಹೂಳು ತುಂಬಿದ ತಗ್ಗೊಂದಿತ್ತು. ಅದಕ್ಕೆ ತಳವಾರನ ಗುಂಡಿ ಎಂದು ಹೆಸರು. ಮದುವೆಯಾಗಿ ಬಂದ ವರ್ಷವೇ ಸರಸಮ್ಮ ಬಿರುಬೇಸಿಗೆಯಲ್ಲೂ ಅಲ್ಲಿ ಹಸಿರಾಗಿದ್ದ ಜೊಂಡನ್ನು ಕಂಡು, ಇದು ಗುಂಡಿಯಲ್ಲ, ತಲಪರಿಗೆ ಎಂದಿದ್ದಳು. ಮರಳು ಬಗೆದರೆ ತಾನಾಗಿ ಒಸರುವ ಊಟೆಗೆ ಅವಳ ತವರಲ್ಲಿ ಹಾಗೆನ್ನುತ್ತಿದ್ದರು. ಇಲ್ಲಿ ನೀರು ಹೂತುಹೋದಂತೆ ಮಾತೂ ಹೂತುಹೋಗಿ, ತಲಪರಿಗೆ ಜನರ ಬಾಯಲ್ಲಿ ಸವೆದು ತಳವಾರನಾಗಿತ್ತು. ಊರ ಹೆಂಗಸರು ಅವಳನ್ನೇ ‘ತಲಪರಿಗೆ ಸರಸಮ್ಮ’ ಎಂದು ಕರೆದು ನಕ್ಕರು. ಅವಳೂ ನಕ್ಕಳು, ಮಾತು ಮಾತ್ರ ಬಿಡಲಿಲ್ಲ.

ಹರಿಯುವುದಕ್ಕೆ ಹಳಬರು ಪರಿಯುವುದು ಎನ್ನುತ್ತಿದ್ದರು, ನಿನ್ನ ಮಾತಿನೊಳಗೇ ನೀರಿದ್ದೀತು ಎಂದು ನಾಗಲಿಂಗಯ್ಯನವರು ಒಮ್ಮೆ ಬಿಡಿಸಿ ಹೇಳಿದ್ದರು.

“ಮೊದ್ಲು ನೀರು ಬರ್ಲಿ. ಅರ್ಥ ಹಿಂದ್ಗುಟ್ಟೇ ಬತ್ತದೆ” ಎಂದಿದ್ದಳು ಅವಳು.

ಈಗ ಊರಲ್ಲಿ ಆ ಮಾತಾಡುವವರು ಯಾರೂ ಉಳಿದಿರಲಿಲ್ಲ. ಅವಳ ಜೊತೆ ಅದೂ ಮಣ್ಣಾಗಬಾರದೆಂದು ಅಯ್ಯನವರು ತಳವಾರ ಅಡವಯ್ಯನ ಮನೆಗೆ ಹೋಗಿ ಗುಂಡಿ ಬಗೆಸಲು ಅಪ್ಪಣೆ ಕೇಳಿದರು. ಹೆಸರೇ ಹೇಳುವಾಗ ಅದು ತನ್ನದೇ ಎಂದು ಅವನು ನಂಬಿದ್ದ.

“ಅಲ್ಲ ಅಯ್ನೋರೆ, ನೀರು ಬಂದ್ರೆ ಅಮ್ಮೋರ್ದು, ಬರೀ ಕೆಸ್ರು ಬಂದ್ರೆ ನಮ್ದಾ?” ಎಂದು ನಕ್ಕು, ತಾನೇ ಗುದ್ದಲಿ ಹೆಗಲಿಗೇರಿಸಿದ.

ಜೊಂಡಿನ ಬೇರು ಕಿತ್ತು, ಹೂಳೆತ್ತಿ, ಸೊಂಟದುದ್ದ ಇಳಿದಾಗ ಬಿಳಿ ಮರಳು ಸಿಕ್ಕಿತು. ನೋಡುತ್ತಿದ್ದಂತೆ ಅದು ನೆನೆಯಿತು. ಅಡವಯ್ಯನ ಪಾದ ಮುಳುಗಿತು. ಕೆಸರು ತಿಳಿಯಾಗುವವರೆಗೆ ಕಾದು, ಬೊಗಸೆ ತುಂಬ ಕುಡಿದ. ಆಮೇಲೆ ಊರ ಬಾವಿಯ ಸವಳು ನೀರು ಹೊತ್ತು ದಂಡೆಯ ಮೇಲೆ ಬಂದಿದ್ದ ಹೆಂಡತಿಗೆ ಕೂಗಿ ಹೇಳಿದ:

“ಲೇ, ಆ ಉಪ್ಪುನೀರು ಚೆಲ್ಲಿಬುಡು. ಬಿಂದ್ಗೆ ತಕೊಂಡು ತಲಪರ್ಗೆ ತಾವ್ಕೆ ಬಾ.”

ಆ ಮಾತು ಯಾರೋ ಹೇಳಿಕೊಟ್ಟ ಹಾಗಿರಲಿಲ್ಲ; ಅಪ್ಪನಿಂದ ಕಲಿತವನಂತೆ ಆಡಿದ್ದ. ಬೇಸಿಗೆ ಕಳೆಯುವಷ್ಟರಲ್ಲಿ ನೀರಿಗೆ ಬರುವ ಹೆಂಗಸರ ಜಗಳದಲ್ಲೂ ಆ ಮಾತೇ ಕೇಳಿಸತೊಡಗಿತು.

ನಾಗಲಿಂಗಯ್ಯನವರು ದಿನವೂ ಪೂಜೆಯ ನೀರು, ಅಗ್ಘವಣಿ, ಅಲ್ಲಿಂದಲೇ ತರುತ್ತಾರೆ. ಲಿಂಗಕ್ಕೆ ನೀರೆರೆಯುವಾಗ ಅವರ ಬೇಡಿಕೆ ಒಂದೇ. ಶಿವನೇ, ನಿನ್ನೊಳಗೆ ಸೇರಿದ ಆ ಜೀವ ತಣ್ಣಗಿರಲಿ. ಈ ನೀರಿನಷ್ಟು ತಣ್ಣಗೆ.