ಕಟ್ ಮಾಡಿದ ಫೋನು

"ಸರ್, ಮೇನ್ ಸ್ವಿಚ್ ಮತ್ತೆ ಆನ್ ಮಾಡೋ ಮುಂಚೆ ನಿಮಗೆ ಫೋನ್ ಮಾಡ್ಲಾ?" ಎಂದು ಹೊಸ ಸಹಾಯಕಿ ಕೇಳಿದಳು.

"ಅಷ್ಟೂ ಗೊತ್ತಾಗಲ್ವೇನಮ್ಮಾ?" ಎಂದ ಲಿಫ್ಟ್ ಮೆಕ್ಯಾನಿಕ್.

ಮಾಡಬೇಕೋ ಬೇಡವೋ, ಆ ಉತ್ತರದಿಂದ ಯಾರಿಗೆ ತಾನೇ ತಿಳಿದೀತು! ಅವಳು ತಲೆಯಾಡಿಸಿ, ಸ್ವಿಚ್ ಆಫ್ ಮಾಡಲು ಅದು ಇದ್ದ ಮೇಲಿನ ಮಹಡಿಗೆ ಮೆಟ್ಟಿಲು ಹತ್ತಿದಳು. ಅವನಿಗೆ ಆ ಮಾತು ಸದಾ ನಾಲಿಗೆಯ ತುದಿಯಲ್ಲೇ. ಮನೆಯಲ್ಲಿ ಹೆಂಡತಿ ಅವನನ್ನು ಏನನ್ನಾದರೂ ಕೇಳುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ಅದನ್ನು ಅವನು ಸಂಸಾರದ ನೆಮ್ಮದಿ ಎಂದುಕೊಂಡಿದ್ದ.

ಲಿಫ್ಟು ಮೇಲೆಲ್ಲೋ ನಿಂತಿತ್ತು. ಅವನು ಅದರ ಕೆಳಗಿನ ಗುಂಡಿಗೆ ಇಳಿದ. ಇಳಿದವರು ಗೋಡೆಯ ಕೆಂಪು ಸ್ಟಾಪ್ ಬಟನ್ ಒತ್ತಿಡಬೇಕು. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಅದೆಲ್ಲ ಯಾಕೆ ಎಂದು ಬಿಟ್ಟ. ಹಳೆಯ ಗ್ರೀಸ್ ಒರೆಸುತ್ತಿದ್ದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಹಾಯಕಿ! "ಶುರುವಾಯ್ತು ಇವಳ ಪ್ರಶ್ನೆಪತ್ರಿಕೆ," ಎಂದು ಗೊಣಗಿ ಕಟ್ ಮಾಡಿದ.

ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಉಕ್ಕಿನ ಹಗ್ಗಗಳು ಮಿಸುಕಿದವು. ಲಿಫ್ಟು ಇಳಿಯುತ್ತಿತ್ತು. ಗೋಡೆ ತಡಕಾಡಿ ಬಟನ್ ಗುದ್ದಿದ. ತಲೆಯ ಮೇಲೆ ಕೈಗೆಟಕುವಷ್ಟರಲ್ಲಿ ಲಿಫ್ಟು ಗಕ್ಕನೆ ನಿಂತಿತು. ಅವನು ಗ್ರೀಸಿನಲ್ಲೇ ಕುಸಿದು ಕೂತ.

ಮಧ್ಯಾಹ್ನ ಕಂಪನಿಯ ಮ್ಯಾನೇಜರ್ ಇಬ್ಬರನ್ನೂ ಎದುರಿಗೆ ನಿಲ್ಲಿಸಿದರು. "ಒಂದು ಮಾತು ಕೇಳದೆ ಸ್ವಿಚ್ ಹಾಕಿದ್ಯಲ್ಲಮ್ಮಾ, ಜೀವ ಹೋಗಿದ್ರೆ? ನಾಳೆಯಿಂದ ಬರಬೇಡ."

"ತಪ್ಪಾಯ್ತು ಸರ್," ಎಂದಳು ಅವಳು. ಫೋನಿನ ಮಾತೇ ಎತ್ತಲಿಲ್ಲ.

ಮೆಕ್ಯಾನಿಕ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ತಪ್ಪೆಲ್ಲ ಅವಳ ತಲೆಗೆ ಕಟ್ಟಿ ಪಾರಾಗುತ್ತಿದ್ದ. ಆದರೆ ಇವಳೇಕೆ ಹೇಳುತ್ತಿಲ್ಲ? ಹಾಗೆ ಯೋಚಿಸಿದವನಿಗೆ ತನ್ನದೇ ದನಿ ಕೇಳಿಸಿತು: ಅಷ್ಟೂ ಗೊತ್ತಾಗಲ್ವೇನಮ್ಮಾ?

"ಕೇಳಿದ್ಲು ಸರ್," ಎಂದ. "ಬೆಳಿಗ್ಗೇನೂ ಕೇಳಿದ್ಲು, ಆಮೇಲೆ ಫೋನೂ ಮಾಡಿದ್ಲು. ಕಟ್ ಮಾಡಿದ್ದು ನಾನು. ಬಟನ್ ಒತ್ತದೆ ಇಳಿದಿದ್ದೂ ನಾನೇ."

ಅವಳಿಗೆ ಆಗ ಅಳು ಬಂತು. "ಕೆಲಸ ಮುಗೀತು ಅಂತ ಕಟ್ ಮಾಡಿದ್ರಿ ಅಂದ್ಕೊಂಡೆ ಸರ್. ಇನ್ನೊಂದ್ಸಲ ಮಾಡೋಕೆ ಭಯ ಆಯ್ತು."

ಮ್ಯಾನೇಜರ್ ಅವಳನ್ನು ಕೆಲಸಕ್ಕೆ ಕಳಿಸಿದರು. ಒಂದು ವಾರ ಮನೆಯಲ್ಲಿರು ಎಂದು ಅವನಿಗೆ ಹೇಳಿದರು.

ಹೊತ್ತಿಗೆ ಮುಂಚೆ ಬಂದ ಗಂಡನ ಮುಖವನ್ನು ಹೆಂಡತಿ ನೋಡಿದಳು. ಅಂಗಿಯ ಗ್ರೀಸು ನೋಡಿದಳು. ನೀರು ತಂದಿಟ್ಟು ಒಳಕ್ಕೆ ಹೊರಟಳು.

"ಏನಾಯ್ತು ಅಂತ ಕೇಳಲ್ವಾ?" ಎಂದ ಅವನು.

ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. "ಕೇಳಬಹುದಾ?"

ಅವನ ಕಣ್ಣು ತುಂಬಿ ಬಂತು. ಪಕ್ಕದ ಕುರ್ಚಿ ಎಳೆದು, "ಕೂತ್ಕೊಂಡು ಕೇಳು," ಎಂದ.