ಮೂರನೇ ದಿಕ್ಕು

ಗಣಿಯ ಕಚೇರಿಯಲ್ಲಿ ಅಕ್ಕನ ಕೆಲಸ ಚುಕ್ಕಿ ಎಣಿಸುವುದು. ನೆಲದಾಳದ ಬಂಡೆ ಎಲ್ಲೇ ಚಿಟಕ್ಕೆಂದು ಬಿರಿಯಲಿ, ಅಲ್ಲಿಟ್ಟ ಯಂತ್ರದ ಕಿವಿಗೆ ಕೇಳಿ ಅವಳ ಪರದೆಯ ಮೇಲೆ ಒಂದು ಚುಕ್ಕಿ ಮೂಡುತ್ತಿತ್ತು. ಗಣಿಯ ಪ್ರತಿ ಮಟ್ಟಕ್ಕೂ ಒಂದೊಂದು ಚಿತ್ರ. ಏಳನೇ ಮಟ್ಟದಲ್ಲಿ ಬಂಡೆ ಒಡೆಯುವ ತಮ್ಮ ಅವಳನ್ನು "ಚುಕ್ಕಿ ಅಕ್ಕ" ಎಂದೇ ಕಾಡಿಸುತ್ತಿದ್ದ.

ಹಿರಿಯ ಎಂಜಿನಿಯರು ಮೊದಲ ದಿನವೇ ಹೇಳಿಕೊಟ್ಟಿದ್ದರು. "ನೋಡಮ್ಮ, ಬಂಡೆ ಗೊಣಗೋದು ಸಹಜ. ಚುಕ್ಕಿ ಎಲ್ಲಿ ಬೇಕಾದ್ರೂ ಬೀಳ್ಲಿ. ಆದ್ರೆ ಪರದೆ ಮೇಲೆ ಚುಕ್ಕಿ ಎಣಿಸೋಕೆ ಇರೋ ಈ ಪೆಟ್ಟಿಗೇನ ಯಾವ ಕಡೆ ಸರಿಸಿದ್ರೂ ಒಳಗಿನ ಲೆಕ್ಕ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಒಂದೇ ಕಡೆ ಗುಂಪು ಕಟ್ಟಿದ್ರೆ ಕೆಟ್ಟಿತು ಅಂತ ತಿಳ್ಕೋ."

ಮೂರು ವಾರ ಅವಳು ಪ್ರತಿ ಮಟ್ಟದ ಚಿತ್ರದಲ್ಲೂ ಪೆಟ್ಟಿಗೆಯನ್ನು ಪೂರ್ವಪಶ್ಚಿಮ, ಉತ್ತರದಕ್ಷಿಣ ಸರಿಸಿದಳು. ಹನ್ನೊಂದು, ಹನ್ನೆರಡು, ಮತ್ತೆ ಹನ್ನೊಂದು. "ಎಲ್ಲ ಕಡೆ ಸಮ" ಎಂದು ಬರೆದು ರುಜು ಹಾಕಿದಳು. ಇದೂ ಒಂದು ಕೆಲಸವೇ ಎಂದು ಒಳಗೊಳಗೇ ನಗುತ್ತಲೂ ಇದ್ದಳು.

ಆ ಬೆಳಿಗ್ಗೆ ಟೀ ಲೋಟ ಇಡಲು ಹೋಗಿ ಮೊಣಕೈ ಮೌಸಿಗೆ ತಗುಲಿತು. ಏಳನೇ ಮಟ್ಟದ ಚಿತ್ರ ಗಿರ್ರನೆ ಹೊರಳಿ ಪಕ್ಕಕ್ಕೆ ತಿರುಗಿ ನಿಂತಿತು. ಇಷ್ಟು ದಿನ ನೋಡಿದ್ದು ಮೇಲಿನಿಂದ. ಅಲ್ಲಿಂದ ಹರಡಿಕೊಂಡಂತೆ ಕಂಡಿದ್ದ ಚುಕ್ಕಿಗಳೆಲ್ಲ ಪಕ್ಕದಿಂದ ನೋಡಿದರೆ ಒಂದೇ ತೆಳು ಪದರಕ್ಕೆ ಮುತ್ತಿಕೊಂಡಿದ್ದವು. ಪೆಟ್ಟಿಗೆಯನ್ನು ಮೇಲೆ ಕೆಳಗೆ ಅವಳು ಒಮ್ಮೆಯೂ ಸರಿಸಿರಲಿಲ್ಲ. ಈಗ ಸರಿಸಿದಳು. ಮೇಲೆ ಸೊನ್ನೆ, ಕೆಳಗೆ ಸೊನ್ನೆ, ನಡುವೆ ಅದೇ ಹನ್ನೊಂದು. ಆ ಪದರ ತಮ್ಮನ ತಲೆಯ ಮೇಲಿನ ಚಾವಣಿಯಾಗಿತ್ತು.

ತಕ್ಷಣ ಏಳನೇ ಮಟ್ಟಕ್ಕೆ ಫೋನ್ ಮಾಡಿದಳು. ಎತ್ತಿದವನು ತಮ್ಮನೇ.

"ಏನಕ್ಕಾ, ಚುಕ್ಕಿ ಕಳೆದೋಯ್ತಾ?"

"ಬಾಯ್ಮುಚ್ಕೊಂಡು ಓಡೋ! ಎಲ್ಲಾರ್ನೂ ಕರ್ಕೊಂಡು ಓಡು, ಚಾವಣಿ ಬೀಳುತ್ತೆ!" ಎನ್ನುತ್ತಲೇ ಏಳನೇ ಮಟ್ಟದ ಸೈರನ್ ಒತ್ತಿದಳು.

"ಎಲ್ಲ ಸಮ ಅಂತ ನೀನೇ ಬರ್ದಿದ್ಯಲ್ಲ? ಅದನ್ನ ನಂಬಿ ನಿನ್ನೆ ಅರ್ಧ ಆಸರೆ ಕಂಬ ತೆಗೆದ್ವಿ..."

ಫೋನಿನಲ್ಲಿ ಬಂಡೆ ಪಟ್ ಎಂದಿತು. ಪರದೆಯ ಮೇಲೆ ಚುಕ್ಕಿ ಮೂಡಿತು. ಮತ್ತೆ ಪಟ್, ಮತ್ತೊಂದು ಚುಕ್ಕಿ. ಆಮೇಲೆ ಓಡುವ ಬೂಟುಗಳ ಸದ್ದು.

ಅವಳು ಗಣಿಬಾಯಿಗೆ ಓಡಿದಳು. ಜೀವ ಕೈಯಲ್ಲಿ ಹಿಡಿದು ನಿಂತಳು. ಲಿಫ್ಟ್ ಇನ್ನೂ ಮೇಲೇರುತ್ತಿರುವಾಗಲೇ ಆಳದಲ್ಲಿ ಏನೋ ಕುಸಿದು, ಅವಳು ನಿಂತಿದ್ದ ನೆಲ ಅದುರಿತು. ಬಾಗಿಲು ತೆರೆಯಿತು. ಏಳನೇ ಮಟ್ಟದ ಒಂಬತ್ತು ಜನವೂ ಇದ್ದರು, ಮುಖದ ತುಂಬ ಧೂಳು ಮೆತ್ತಿಕೊಂಡ ತಮ್ಮನೂ ಇದ್ದ. ಅವನ ತೋಳು ಹಿಡಿದು ಅವಳು ಗೊಳೋ ಎಂದು ಅತ್ತಳು.

ಅವನು ಈ ಸಲ ತಮಾಷೆ ಮಾಡಲಿಲ್ಲ.

"ಅಕ್ಕಾ, ಎಂಟನೇ ಮಟ್ಟದಲ್ಲಿ ಇಪ್ಪತ್ತು ಜನ ಇದ್ದಾರೆ," ಎಂದ. "ಅದರ ಚಿತ್ರಾನ ತಿರುಗಿಸಿ ನೋಡಿದ್ಯಾ?"

ಅವಳು ನೋಡಿರಲಿಲ್ಲ. ಅದಕ್ಕೂ ರುಜು ಮಾತ್ರ ಹಾಕಿದ್ದಳು.